ಜಿಡ್ಡಿಲ್ಲದ ಹಾಲು

ಕೊನೆಯ ಕ್ಯಾನು ಲಾರಿ ಹತ್ತಿದ ಮೇಲೂ ಫ್ಯಾಟಮ್ಮ ಪರೀಕ್ಷೆಯ ಕೋಣೆ ಬಿಟ್ಟು ಏಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಕೈಚೀಲದ ತಳದಿಂದ ಔಷಧಿಯ ಹಳೆಯ ಸೀಸೆಯೊಂದನ್ನು ತೆಗೆದಳು. ಅದರಲ್ಲಿ ಇದ್ದದ್ದು ಮೂರು ಗುಟುಕಿನಷ್ಟು ಹಾಲು. ಬೆಳಿಗ್ಗೆ ಸೊಸೆ ಬಚ್ಚಲಲ್ಲಿದ್ದ ಹೊತ್ತಿನಲ್ಲಿ ಮೊಮ್ಮಗಳ ಲೋಟದಿಂದ ಬಗ್ಗಿಸಿಕೊಂಡದ್ದು. ಅರವತ್ತೊಂದನೆಯ ವಯಸ್ಸಿನಲ್ಲಿ, ತನ್ನ ಮನೆಯಲ್ಲೇ, ತನ್ನ ಮೊಮ್ಮಗಳ ಹಾಲನ್ನು ಕದ್ದು ತರುವ ಗತಿ ಬಂತಲ್ಲ ಎಂದು ನಾಚಿಕೆಯಾಯಿತು. ಆದರೆ ಇಪ್ಪತ್ತೊಂಬತ್ತು ವರ್ಷ ಮಾಡಿದ ಕೆಲಸ. ಮನಸ್ಸು ಎಲ್ಲಿದ್ದರೂ ಕೈ ತನ್ನ ಪಾಡಿಗೆ ತಾನು ಮಾಡುತ್ತದೆ.

ಗಾಜಿನ ಕೊಳವೆಗೆ ಮೊದಲು ಆಸಿಡ್ಡು. ಅದರ ಮೇಲೆ, ಗಾಜಿನ ಗೋಡೆಗುಂಟ ಇಳಿಯುವಂತೆ, ಅಳತೆಯ ಹಾಲು. ಕೊನೆಗೆ ಒಂದಿಷ್ಟು ಸ್ಪಿರಿಟ್ಟು. ರಬ್ಬರ್ ಬಿರಡೆ ಬಿಗಿದು, ಬಟ್ಟೆಯಲ್ಲಿ ಸುತ್ತಿ ಕುಲುಕಿದಾಗ ಕೊಳವೆ ಕೆಂಡದ ಹಾಗೆ ಬಿಸಿಯಾಗಿ, ಒಳಗಿನ ಹಾಲು ಕಂದು ಬಣ್ಣಕ್ಕೆ ತಿರುಗಿತು. ಒಂದೇ ಕೊಳವೆ ಇಟ್ಟರೆ ಯಂತ್ರ ಅದುರುತ್ತದೆಂದು ಎದುರು ಬದಿಗೆ ನೀರು ತುಂಬಿದ ಇನ್ನೊಂದನ್ನು ಇಟ್ಟು, ಮುಚ್ಚಳ ಹಾಕಿ, ಹಿಡಿ ತಿರುಗಿಸಿದಳು. ಯಾವ ಹಾಲೇ ಆಗಲಿ, ಐದು ನಿಮಿಷ ಗಿರಗಿರ ತಿರುಗಿಸಿದರೆ ಅದರೊಳಗಿನ ಜಿಡ್ಡು ಬೇರೆಯಾಗಿ ಬಂದು ಕೊಳವೆಯ ಸಣ್ಣ ಕತ್ತಿನಲ್ಲಿ ಜೇನಿನ ಬಣ್ಣದ ಪಟ್ಟಿಯಾಗಿ ನಿಲ್ಲುತ್ತದೆ. ಪಟ್ಟಿ ಎಷ್ಟು ಉದ್ದವೋ ಹಾಲು ಅಷ್ಟು ಸಾಚಾ.

ಪ್ರತಿ ಕೊಳವೆಯನ್ನೂ ಕಣ್ಣಿನ ಮಟ್ಟಕ್ಕೆ ಹಿಡಿಯುವ ಮುಂಚೆ "ದೇವರೇ, ನನ್ನ ಕಣ್ಣಿಗೆ ಸುಳ್ಳು ತೋರಿಸಬೇಡ" ಎಂದುಕೊಳ್ಳುವುದು ಆಕೆಯ ಪದ್ಧತಿ. ಈ ಹೊತ್ತೂ ಹಾಗೆಯೇ ಅಂದುಕೊಂಡು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕತ್ತಿನಲ್ಲಿ ಪಟ್ಟಿಯೇ ಇರಲಿಲ್ಲ. ಕಂದು ನೀರಿನ ನೆತ್ತಿಯ ಮೇಲೆ, ಇದೆಯೋ ಇಲ್ಲವೋ ಎಂಬಂತೆ, ಉಗುರಿನ ಅಂಚಿನಷ್ಟು ತೆಳುವಾದ ಒಂದು ಹೊಳಪು. ಅಷ್ಟೇ.

ನೀರು ಬೆರೆಸಿದ ಹಾಲನ್ನು ಆಕೆ ಸಾವಿರ ಸಲ ನೋಡಿದ್ದಳು. ಇದು ನೀರು ಬೆರೆಸಿದ್ದಲ್ಲ. ಇದು ಕೆನೆಯನ್ನು ಪೂರ್ತಿ ಕದ್ದ ಹಾಲು.

ಊರಿನ ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವವಳಾದ್ದರಿಂದ ಆಕೆಗೆ ಫ್ಯಾಟಮ್ಮ ಎಂದು ಹೆಸರು ಬಿದ್ದಿತ್ತು. ಮೈಯಲ್ಲಿ ಹಿಡಿ ಮಾಂಸವಿಲ್ಲದ ಹೆಂಗಸಿಗೆ ಆ ಹೆಸರು ಇಟ್ಟವನು ಎಮ್ಮೆ ಸಾಕಿದ ಒಬ್ಬ ಮುದುಕ. ಮೊದಮೊದಲು ಆಕೆ ಕೊಳವೆ ಹಿಡಿದಾಗಲೆಲ್ಲ ಅವನು ಕಿಟಕಿಗೆ ಮುಖ ಆನಿಸಿ, "ಫ್ಯಾಟಮ್ಮಾ, ನಿನ್ನ ಮೈಯಲ್ಲೇ ಇಲ್ಲದ ಫ್ಯಾಟು ನನ್ನ ಎಮ್ಮೆ ಎಲ್ಲಿಂದ ತರಬೇಕು?" ಎನ್ನುತ್ತಿದ್ದ. "ನಿನ್ನ ಎಮ್ಮೆ ಪಾಪ ಸರಿಯಾಗೇ ಕೊಟ್ಟಿದೆ. ದಾರೀಲಿ ಬಾವಿ ಬಂದು ಸೇರ್ಕೊಂಡಿದೆ," ಎಂದು ಆಕೆ ಉತ್ತರ ಕೊಡುತ್ತಿದ್ದಳು. ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ನಕ್ಕರೂ ಆಕೆಯ ಕಣ್ಣಿಗೆ ಹೆದರುತ್ತಿದ್ದರು. ಯಾರದೂ ಒಂದು ತೊಟ್ಟು ಹಾಲು ಬಿಟ್ಟಿಯಾಗಿ ಮುಟ್ಟದ ಹೆಂಗಸು, ಅವಳ ಮುಂದೆ ಆಟ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಂಥವಳ ಮನೆಯಲ್ಲೇ ಈಗ ಆಟ ನಡೆದಿತ್ತು.

ಆಕೆ ಕೊಳವೆಯನ್ನು ತೊಳೆಯಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡಳು.

ಮೊಮ್ಮಗಳಿಗೆ ನಾಲ್ಕು ವರ್ಷ. ಹುಟ್ಟಿದಾಗ ಕೆನ್ನೆ, ತೊಡೆ ಎಲ್ಲ ತುಂಬಿಕೊಂಡು ಇದ್ದಳೆಂದು ಎಲ್ಲರೂ ಗುಂಡಮ್ಮ ಎಂದು ಕರೆದರು. ಆರು ತಿಂಗಳಾಗುವ ಹೊತ್ತಿಗೆ ಗುಂಡಗಿದ್ದದ್ದೆಲ್ಲ ಕರಗಿ, ಹೆಸರೊಂದು ಉಳಿಯಿತು. ಈಗ ಹೊಟ್ಟೆ ಮುಂದಕ್ಕೆ, ಕೈಕಾಲು ಕಡ್ಡಿ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಸುಣ್ಣ ಕಲಸಿದಂತೆ ಬಿಳಿಚಿದ, ಎಣ್ಣೆ ತೇಲುವ, ಮೂಗು ಮುಚ್ಚಿಕೊಳ್ಳಬೇಕಾದ ಭೇದಿ. ವರ್ಷದ ಹಿಂದೆ ಮಗ ಸೊಸೆ ಇಬ್ಬರೂ ಮಗುವನ್ನು ಎತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ ಎಂಟು ದಿನ ಇದ್ದು ಬಂದರು. ಏನಂದರು ಎಂದು ಕೇಳಿದರೆ ಮಗ ಚಪ್ಪಲಿ ಬಿಡುತ್ತ, "ಹೊಟ್ಟೇಲಿ ಹುಳ ಅಂತಮ್ಮ. ಹನಿ ಔಷಧಿ ಕೊಟ್ಟಿದಾರೆ," ಅಂದ. ಅವನು ಕತ್ತು ಎತ್ತಿ ಹೇಳಲಿಲ್ಲ.

ಅಂದಿನಿಂದ ಸೊಸೆ ಮಗುವಿನ ಅಡುಗೆಯನ್ನೇ ಬೇರೆ ಮಾಡತೊಡಗಿದಳು. ಬೇರೆ ಪಾತ್ರೆ, ಬೇರೆ ಸೌಟು. ಬೇಯಿಸಿದ ಅನ್ನ, ಬೇಯಿಸಿದ ತರಕಾರಿ. ಒಗ್ಗರಣೆಯಿಲ್ಲ, ಬೆಣ್ಣೆಯಿಲ್ಲ, ಎಣ್ಣೆಯನ್ನು ಹನಿ ಎಣಿಸಿ ಹಾಕುವಳು. ಹಾಲು ಕಾಸಿ ಆರಿಸಿ ಎರಡೆರಡು ಸಲ ಕೆನೆ ತೆಗೆಯುವಳು. ಅಜ್ಜಿ ಬಡಿಸಹೋದರೆ, "ಬಿಡಿ ಅತ್ತೆ, ನಾನು ಕೊಡ್ತೀನಿ," ಎಂದು ತಟ್ಟೆ ಎಳೆದುಕೊಳ್ಳುವಳು.

ಈ ಸೊಸೆ ಪರಕೀಯಳೇನೂ ಅಲ್ಲ. ಫ್ಯಾಟಮ್ಮನ ಸ್ವಂತ ಅಣ್ಣನ ಮಗಳು. ಅವಳು ತೊಟ್ಟಿಲಲ್ಲಿದ್ದಾಗಲೇ "ಇವಳು ನನ್ನ ಮನೆಗೇ" ಎಂದು ಮಾತು ಇಟ್ಟವಳು ಆಕೆಯೇ. ಮಗನಿಗೆ ಮದುವೆಯ ವಯಸ್ಸಾದಾಗ ಅವನು, "ಚಿಕ್ಕಂದಿನಿಂದ ತಂಗಿ ಹಾಗೆ ಆಡಿಸಿದೀನಿ, ಬೇಡಮ್ಮ," ಎಂದ. ಆಕೆ ಮೂರು ದಿನ ಊಟ ಬಿಟ್ಟು ಮಲಗಿದಳು. ನಾಲ್ಕನೆಯ ದಿನ ಅವನು ಒಪ್ಪಿದ. ಹೊರಗಿನವಳು ಬಂದು ಮನೆ ಒಡೆದಾಳು, ಸ್ವಂತ ರಕ್ತವಾದರೆ ಹೊಂದಿಕೊಂಡು ಹೋದೀತು ಎಂಬುದು ಆಕೆಯ ಲೆಕ್ಕ. ಮದುವೆಯಾದ ಮೇಲೆ ಅವರಿಬ್ಬರೂ ಹೊಂದಿಕೊಂಡರು ಎಂಬುದೂ ನಿಜ. ಎಷ್ಟು ಹೊಂದಿಕೊಂಡರೆಂದರೆ, ಆಕೆ ಅಡುಗೆಮನೆಗೆ ಕಾಲಿಟ್ಟರೆ ಅವರ ಮಾತು ನಿಲ್ಲುತ್ತಿತ್ತು.

ಹಾಲು ಪರೀಕ್ಷಿಸಿದ ಮರುದಿನ ಫ್ಯಾಟಮ್ಮ ಸೊಸೆಗೆ, "ದಿನಾ ಹೊಲಿಗೆ ಬಿಟ್ಟು ಮಗೂನ ಬಿಡೋಕೆ ನೀನ್ಯಾಕೆ ಓಡ್ತೀಯ? ಶಿಶುವಿಹಾರ ಡೇರಿ ಪಕ್ಕದಲ್ಲೇ ಇದೆ. ನಾನು ಕರ್ಕೊಂಡು ಹೋಗ್ತೀನಿ," ಎಂದಳು. ಸೊಸೆ ಶಾಲೆಯ ಸಮವಸ್ತ್ರಗಳನ್ನು ಹೊಲಿಯುತ್ತಿದ್ದಳು. ಕೆಲಸ ಕುತ್ತಿಗೆವರೆಗೆ ಇತ್ತು. ಒಂದು ಕ್ಷಣ ತಡೆದು, "ಅಲ್ಲಿ ಯಾರೂ ಏನೂ ತಿನ್ನಿಸಬಾರದು ಅತ್ತೆ, ಹುಳದ ಔಷಧಿ ನಡೀತಾ ಇದೆ," ಎಂದಳು. "ಅಯ್ಯೋ, ನನಗೇ ಹೇಳಿಕೊಡ್ತೀಯೇನೇ?" ಎಂದು ಅತ್ತೆ ನಕ್ಕಳು.

ಅಂದೇ ಆಕೆ ಎಮ್ಮೆ ಮುದುಕನನ್ನು ಬದಿಗೆ ಕರೆದು ದಿನಕ್ಕೆ ಒಂದು ಲೋಟ ಕೆನೆ ಕೇಳಿದಳು. ಮುದುಕ ಬಾಯಿಬಿಟ್ಟುಕೊಂಡು ನಿಂತ. "ಇಪ್ಪತ್ತೊಂಬತ್ತು ವರ್ಷದಲ್ಲಿ ನೀನು ಕೇಳಿದ್ದು ಇದೇ ಮೊದಲು ಕಣಮ್ಮ. ಒಂದಲ್ಲ, ಎರಡು ತಗೋ," ಅಂದ. ಮರುದಿನದಿಂದ ಅವನ ಹಾಲಿನ ವಿಷಯದಲ್ಲಿ ಬಾವಿಯ ಮಾತೆತ್ತಲು ಆಕೆಗೆ ನಾಲಿಗೆ ಬರಲಿಲ್ಲ.

ಗುಂಡಮ್ಮನಿಗೆ ಕೆನೆ ಸೇರುತ್ತಿರಲಿಲ್ಲ. ಚಮಚ ಕಂಡರೆ ಮುಖ ತಿರುಗಿಸುವಳು. ಪರೀಕ್ಷೆಯ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಸಕ್ಕರೆ ಬೆರೆಸಿ, ಅಜ್ಜಿ ಕಥೆ ಹೇಳಿ ತಿನ್ನಿಸುವಳು. ಕಥೆಯಲ್ಲಿ ಒಂದು ಇಲಿ ಒಂದೊಂದು ಚಮಚ ತಿಂದು ಬೆಕ್ಕಿನಷ್ಟಾಗುತ್ತಿತ್ತು, ನಾಯಿಯಷ್ಟಾಗುತ್ತಿತ್ತು, ಕೊನೆಗೆ ಆನೆಯಷ್ಟಾಗುತ್ತಿತ್ತು.

"ನಂಗೆ ಇಲಿನೇ ಆಗಬೇಕು ಅಜ್ಜಿ," ಎನ್ನುವಳು ಗುಂಡಮ್ಮ.

"ಇಲೀನ ಬೆಕ್ಕು ತಿಂದುಬಿಡುತ್ತೆ."

"ತಿನ್ನಲಿ."

"ಬಾಯಿ ತೆಗಿ ಅಂದೆ."

ಎಲ್ಲ ಮುಗಿದ ಮೇಲೆ ಬಾಯಿ ಒರೆಸಿ, "ಅಮ್ಮಂಗೆ ಹೇಳಬಾರದು. ಇದು ಅಜ್ಜಿ ಗುಂಡಮ್ಮನ ಗುಟ್ಟು," ಎನ್ನುವಳು. ಮಗು ಗುಟ್ಟನ್ನು ಕಾಪಾಡಿತು. ಹೊಟ್ಟೆ ಕಾಪಾಡಲಿಲ್ಲ. ಎರಡನೆಯ ವಾರದಿಂದ ಭೇದಿ ಹೆಚ್ಚಾಯಿತು. ಶಿಶುವಿಹಾರದ ಟೀಚರು ದಿನಕ್ಕೆರಡು ಸಲ ಚಡ್ಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡೇರಿಗೆ ಕಳಿಸುವಳು; ಫ್ಯಾಟಮ್ಮ ಡೇರಿಯ ತೊಟ್ಟಿಯಲ್ಲೇ ಅದನ್ನು ಒಗೆದು, ಬಾಯ್ಲರಿನ ಮೇಲೆ ಒಣಗಿಸಿ, ಸಂಜೆ ಏನೂ ಆಗದವಳಂತೆ ಮಗುವಿಗೆ ಹಾಕಿ ಕರೆದುಕೊಂಡು ಬರುವಳು. ಇಷ್ಟು ದಿನ ಒಣಗಿದ್ದ ಕರುಳು, ಒಳ್ಳೆಯ ಆಹಾರ ಬಿದ್ದಿದೆ, ಒಗ್ಗಲು ಹೊತ್ತು ಬೇಕು ಎಂದುಕೊಂಡಳು. ದಿನಾ ದೇವರ ಮುಂದೆ ನಿಂತು, "ಒಬ್ಬಳನ್ನ ನೀನು ಕರ್ಕೊಂಡೆ. ನಾನು ಕೇಳಲಿಲ್ಲ. ಇವಳನ್ನ ಬಿಡು," ಎಂದು ಬೇಡಿಕೊಂಡಳು.

ದೇವರು ಕರೆದುಕೊಂಡದ್ದು ಆಕೆಯ ಹಿರಿಯ ಮಗಳನ್ನು. ಮೂವತ್ತು ವರ್ಷದ ಹಿಂದಿನ ಮಾತು. ಆ ಹುಡುಗಿಯೂ ಹೀಗೆಯೇ, ತಿಂದದ್ದು ದಕ್ಕದ ಮೈ. ಆರಕ್ಕೆ ಕಾಲಿಟ್ಟಾಗ ಸಂಜೆಯಾದರೆ ಕಣ್ಣು ಕಾಣದು, ಏಳರಲ್ಲಿ ದೋಣಿಯೊಳಗೆ ನಿಂತವಳಂತೆ ತೂರಾಡಿಕೊಂಡು ನಡೆದಳು, ಎಂಟು ತುಂಬಲಿಲ್ಲ. ನೋಡಿದ ವೈದ್ಯರೆಲ್ಲ ನಿತ್ರಾಣ, ಪುಷ್ಟಿ ಕೊಡಿ ಎಂದರು. ಫ್ಯಾಟಮ್ಮ ಕೊಟ್ಟಳು. ಮನೆಯ ಎರಡು ಹಸುವಿನ ಬೆಣ್ಣೆಯೆಲ್ಲ ಆ ಹುಡುಗಿಯ ಬಾಯಿಗೇ ಹೋಯಿತು. ಅವಳು ಸತ್ತ ಮೇಲೆ ಹಸುಗಳನ್ನು ಮಾರಿ, ಎರಡು ವರ್ಷದ ಗಂಡುಮಗನನ್ನು ಸಾಕಲು ಆಕೆ ಡೇರಿಗೆ ಸೇರಿದ್ದು.

ಆರು ವಾರ ಕಳೆಯಿತು. ಮಗುವನ್ನು ದೊಡ್ಡ ಆಸ್ಪತ್ರೆಗೆ ತೋರಿಸುವ ದಿನ ಬಂತು. ವೆಲ್ಡಿಂಗ್ ಅಂಗಡಿಗೆ ರಜೆ ಹಾಕಿ ಮಗನೂ ಹೋದ. ಸಂಜೆ ಹಿಂದಿರುಗಿದಾಗ ಇಬ್ಬರ ಮುಖವೂ ಕಪ್ಪಿಟ್ಟಿತ್ತು. ಮಗುವನ್ನು ಮಲಗಿಸಿ ಬಂದ ಸೊಸೆ ನಡುಮನೆಯ ಕಂಬಕ್ಕೆ ಒರಗಿ ನಿಂತಳು. ಮಗ ಕುರ್ಚಿಯಲ್ಲಿ ಕೂತು ಅವಳನ್ನೇ ದಿಟ್ಟಿಸಿದ.

"ಡಾಕ್ಟ್ರು ಸುಳ್ಳು ಹೇಳ್ತಾರಾ?" ಎಂದ. "ಎರಡು ಕೆಜಿ ಇಳಿದಿದೆ. ಎರಡು! ನೀನು ಸರಿಯಾಗಿ ಮಾಡ್ತಾ ಇದ್ದಿದ್ರೆ ಹೆಂಗೆ ಇಳೀತು?"

"ನಾನು ಮಾಡ್ತಾ ಇದೀನಿ."

"ಮಾಡ್ತಾ ಇದ್ರೆ ಅವರು ಹಂಗ್ಯಾಕೆ ಅಂದ್ರು?"

"ಮಾಡ್ತಾ ಇದೀನಿ ಅಂದ್ನಲ್ಲ ರೀ! ಇನ್ನೇನು, ನನ್ನ ಕರುಳು ತೆಗೆದು ತೋರಿಸ್ಲಾ?"

ಫ್ಯಾಟಮ್ಮ ಇದಕ್ಕಾಗಿಯೇ ಕಾದಿದ್ದಳು. ಒಳಗೆ ಹೋಗಿ ತನ್ನ ಪೆಟ್ಟಿಗೆಯಿಂದ ಬಟ್ಟೆಯ ಸುರುಳಿ ತಂದು, ಮಗನ ಮುಂದಿನ ಮೇಜಿನ ಮೇಲೆ ಬಿಚ್ಚಿದಳು. ಕೊಳವೆಯೊಳಗಿನ ನೀರು ಆರು ವಾರದಲ್ಲಿ ಕಪ್ಪಾಗಿತ್ತು.

"ನೋಡೋ. ನಿನ್ನ ಹೆಂಡ್ತಿ ನನ್ನ ಮೊಮ್ಮಗಳಿಗೆ ಕೊಡೋ ಹಾಲು ಇದು. ನಾನೇ ಟೆಸ್ಟ್ ಮಾಡಿದೀನಿ. ಒಂದು ಕೂದಲೆಳೆಯಷ್ಟೂ ಜಿಡ್ಡಿಲ್ಲ. ಊರಿನ ಕಳ್ಳರನ್ನೆಲ್ಲ ಹಿಡಿದೆ, ಮನೇಲಿರೋ ಕಳ್ಳಿ ಕಾಣಲಿಲ್ಲ ನಂಗೆ." ಸೊಸೆಯ ಕಡೆ ತಿರುಗಿದಳು. "ಕೆನೆ ಯಾರ ಹೊಟ್ಟೆಗೆ ಹೋಗುತ್ತೇ? ಹೆತ್ತ ಮಗೂನ ಒಣಗಿಸಿ ಸಾಯಿಸಬೇಕು ಅಂತ ಮಾಡಿದೀಯಾ? ನನ್ನ ಅಣ್ಣನ ಹೊಟ್ಟೇಲಿ ಹುಟ್ಟಿ..."

ಮಾತು ಅಲ್ಲಿಗೇ ನಿಂತಿತು. ಯಾಕೆಂದರೆ ಸೊಸೆ ಸಿಟ್ಟಾಗಲಿಲ್ಲ, ಅಳಲಿಲ್ಲ. ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ಮೇಜಿನ ಮೇಲಿನದನ್ನು ನೋಡಿ, ಅತ್ತೆಯನ್ನು ನೋಡಿ, ಬಹಳ ಮೆಲ್ಲಗೆ ಕೇಳಿದಳು: "ಅತ್ತೆ, ಮಗೂಗೆ ನೀವು ಏನು ಕೊಟ್ರಿ?"

"ಏನು ಕೊಡಬೇಕೋ ಅದನ್ನೇ ಕೊಟ್ಟೆ. ಆರು ವಾರದಿಂದ ದಿನಾ ಒಂದು ಲೋಟ ಗಟ್ಟಿ ಕೆನೆ. ನಾನು ಕೊಡದೇ ಇದ್ದಿದ್ರೆ ಮಗು ಇಷ್ಟೂ ಇರ್ತಿರಲಿಲ್ಲ."

ಸೊಸೆ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಮಗ ಎದ್ದು ನಿಂತ. ಹೊಡೆಯಲು ಬರುತ್ತಾನೇನೋ ಎನ್ನಿಸುವಂತೆ ತಾಯಿಯ ಹತ್ತಿರಕ್ಕೆ ಬಂದ. ಆಮೇಲೆ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತನ್ನ ತಲೆಯ ಮೇಲೇ ಇಟ್ಟುಕೊಂಡ.

"ಹುಳ ಅಲ್ಲಮ್ಮ," ಎಂದ. "ಹುಳ ಅಲ್ಲ. ನಾನು ಸುಳ್ಳು ಹೇಳಿದೆ."

ಅವನು ಬಿಟ್ಟುಬಿಟ್ಟು ಹೇಳಿದ. ಲಕ್ಷಾಂತರ ಮಕ್ಕಳಲ್ಲಿ ಒಬ್ಬರಿಗೆ ಬರುವ ಕಾಯಿಲೆಯಂತೆ. ತಿಂದ ಜಿಡ್ಡನ್ನು ಹೊತ್ತು ರಕ್ತಕ್ಕೆ ಹಾಕುವ ಸಾಮಾನೇ ಆ ಮಗುವಿನ ಮೈಯಲ್ಲಿ ತಯಾರಾಗುವುದಿಲ್ಲ. ಜಿಡ್ಡು ಕರುಳಿನಲ್ಲೇ ನಿಂತು ಕೊಳೆಯುತ್ತದೆ. ಜಿಡ್ಡಿನ ಬೆನ್ನೇರಿ ಹೋಗಬೇಕಾದ ವಿಟಮಿನ್ನುಗಳೂ ಅಲ್ಲೇ ನಿಲ್ಲುತ್ತವೆ. ಅವು ಸಿಗದೆ ನರ ಸಾಯುತ್ತದೆ, ಕಣ್ಣು ಸಾಯುತ್ತದೆ. ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದರಂತೆ. ದುಂಡಗಿರಬೇಕಾದ ರಕ್ತದ ಕಣಗಳಿಗೆಲ್ಲ ಮುಳ್ಳು ಎದ್ದಿದ್ದವು. ಗುಣವಾಗುವ ಕಾಯಿಲೆಯಲ್ಲ. ಜಿಡ್ಡು ನಿಲ್ಲಿಸಿ, ಆ ವಿಟಮಿನ್ನಿನ ಹನಿಗಳನ್ನು ದಿನಕ್ಕೆ ಇಷ್ಟೆಂದು ಬಾಳಿನುದ್ದಕ್ಕೂ ಕೊಟ್ಟರೆ ಮಗು ನಡೆದುಕೊಂಡು, ಕಣ್ಣು ಕಂಡುಕೊಂಡು ಇದ್ದೀತು. "ಕೆನೆ ಭೇದಿ ಮಾಡಿಸಿ, ಕೊಟ್ಟ ಹನೀನೆಲ್ಲ ಕೊಚ್ಚಿಕೊಂಡು ಹೋಗಿದೆ. ಇವತ್ತು ಡಾಕ್ಟ್ರು ಮಂಡಿಗೆ ಸುತ್ತಿಗೇಲಿ ತಟ್ಟಿದ್ರು. ಹೋದ ಸಲ ಕಾಲು ಸ್ವಲ್ಪ ಎಗರಿತ್ತು. ಇವತ್ತು ಎಗರಲೇ ಇಲ್ಲಮ್ಮ."

ಫ್ಯಾಟಮ್ಮ ಮೇಜಿನ ಮೇಲಿನ ಕೊಳವೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. "ನಂಗ್ಯಾಕೆ ಹೇಳಲಿಲ್ಲ?" ಎಂದಳು. "ನಾನೇನು ಶತ್ರುನಾ? ಒಂದು ಮಾತು ಹೇಳಿದ್ರೆ..."

ಮಗ ಹೆಂಡತಿಯ ಕಡೆ ನೋಡಿದ. ಅವಳು ಬೇಡ ಎಂಬಂತೆ ತಲೆಯಾಡಿಸಿದಳು. ಅವನು ನಿಲ್ಲಿಸಲಿಲ್ಲ.

"ಇವಳೇ ಬೇಡ ಅಂದಿದ್ದು. ಅತ್ತೆ ತಡ್ಕೊಳ್ಳಲ್ಲ, ಹೇಳಬೇಡಿ ಅಂತ ನನ್ನ ಕೈ ಹಿಡ್ಕೊಂಡು ಅತ್ಲು. ಅಪ್ಪ ಅಮ್ಮ ಇಬ್ಬರ ಮೈಯಲ್ಲೂ ಇದ್ರೆ ಮಾತ್ರ ಬರೋ ಕಾಯಿಲೆಯಂತೆ ಇದು. ಒಂದೇ ರಕ್ತದಲ್ಲಿ ಕೊಟ್ಟು ತಂದ ಮನೆಗಳಲ್ಲೇ ಜಾಸ್ತಿಯಂತೆ. ನೀನೂ ಅಪ್ಪನೂ ಒಡಹುಟ್ಟಿದ ಅಣ್ಣ ತಂಗಿಯ ಮೊಮ್ಮಕ್ಕಳು. ನಾನು, ಇವಳು..." ಅವನು ಉಗುಳು ನುಂಗಿದ. "ಡಾಕ್ಟ್ರು ಮನೇಲಿ ಇನ್ಯಾರಿಗಾದರೂ ಹೀಗೆ ಆಗಿತ್ತಾ ಅಂತ ಕೇಳಿದ್ರು. ಅಕ್ಕನ ವಿಷಯ ಹೇಳಿದೆ. ನೀನು ಹೇಳ್ತಿದ್ಯಲ್ಲ, ಸಂಜೆ ಕಣ್ಣು ಕಾಣ್ತಿರಲಿಲ್ಲ, ತೂರಾಡ್ತಿದ್ಲು ಅಂತ. ಇದೇ ಅಂದ್ರು."

ಒಳಗೆ ಮಗು ಮಗ್ಗುಲು ಬದಲಿಸಿ ನರಳಿತು. ಸೊಸೆ ಎದ್ದು ಹೋದಳು. ಅತ್ತೆಯ ಪಕ್ಕದಲ್ಲಿ ಹಾದು ಹೋಗುವಾಗ ಸೆರಗು ತಾಗದಂತೆ ಹಿಡಿದುಕೊಂಡಳು.

ಮೂರನೆಯ ದಿನ ಫ್ಯಾಟಮ್ಮ ಯಾರಿಗೂ ಹೇಳದೆ ಬಸ್ಸು ಹಿಡಿದು ದೊಡ್ಡ ಆಸ್ಪತ್ರೆಗೆ ಹೋದಳು. ಮಕ್ಕಳ ವಿಭಾಗದ ಉದ್ದನೆಯ ಬೆಂಚಿನ ಮೇಲೆ, ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರ ನಡುವೆ, ಬರಿಮಡಿಲಲ್ಲಿ ಮಧ್ಯಾಹ್ನದವರೆಗೆ ಕೂತಳು. "ಮಗು ಎಲ್ಲಮ್ಮಾ?" ಎಂದು ನರ್ಸು ಎರಡು ಸಲ ಕೇಳಿದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಸತ್ತ ಮಗಳು ಬದುಕಿದ್ದರೆ ಹೆಚ್ಚುಕಡಿಮೆ ಇದೇ ವಯಸ್ಸು. ಗುಂಡಮ್ಮನ ಅಜ್ಜಿ ಎಂದೊಡನೆ ಆ ಡಾಕ್ಟರು ಕುರ್ಚಿ ತೋರಿಸಿದಳು.

"ಕೂತ್ಕೊಳ್ಳೋಕೆ ಬಂದಿಲ್ಲಮ್ಮ. ಎರಡು ಮಾತು ಕೇಳಿ ಹೋಗ್ತೀನಿ. ಮಂಡಿ ಮತ್ತೆ ಎಗರುತ್ತಾ?"

"ಹೇಳೋಕಾಗಲ್ಲ. ಚಿಕ್ಕ ವಯಸ್ಸು, ಹನಿ ಮತ್ತೆ ಶುರು ಮಾಡಿದೀವಿ. ಸ್ವಲ್ಪ ಬರಬಹುದು. ಬರದೇನೂ ಇರಬಹುದು."

"ಸರಿ. ನನ್ನ ಮಗಳಿಗೆ... ಅವಳಿಗೂ ಇದೇ ಇತ್ತಂತೆ. ನಾನು ಕೆನೆ ಕೊಟ್ಟೆ. ಬೆಣ್ಣೆ ಕೊಟ್ಟೆ. ಅವಳು ಬೇಡ ಅಮ್ಮ ಅಂತಿದ್ಲು, ಹೊಟ್ಟೆ ಹಿಡ್ಕೊಂಡು ಉರುಳ್ತಿದ್ಲು. ಬಾಯಿ ಬಿಡಿಸಿ ಹಾಕ್ತಿದ್ದೆ. ನಾನು ಕೊಟ್ಟಿದ್ದರಿಂದ ಹೋದಳಾ?"

"ಇಲ್ಲಮ್ಮ," ಎಂದು ಡಾಕ್ಟರು ಥಟ್ಟನೆ ಹೇಳಿದಳು. "ಕಾಯಿಲೆಯಿಂದ ಹೋಗಿದ್ದು. ಆಗ ಇಲ್ಲಿ ಯಾರಿಗೂ ಈ ಕಾಯಿಲೆ ಗುರುತು ಸಿಗ್ತಿರಲಿಲ್ಲ. ನಿಮ್ಮ ತಪ್ಪೇನೂ ಇಲ್ಲ."

ಇಷ್ಟಕ್ಕೇ ಎದ್ದು ಬರಬಹುದಿತ್ತು. ಎದುರಿನವರು ಹೇಳಿದ್ದನ್ನು ಇಪ್ಪತ್ತೊಂಬತ್ತು ವರ್ಷ ನಂಬದೆ ಕೊಳವೆ ನೋಡಿಯೇ ನಂಬಿದವಳು ಆಕೆ. ಡಾಕ್ಟರ ಮುಖವನ್ನೇ ದಿಟ್ಟಿಸಿ ಇನ್ನೊಂದು ಸಲ ಕೇಳಿದಳು: "ನಾನು ಕೆನೆ ಕೊಡದೇ ಇದ್ದಿದ್ರೆ?"

ಡಾಕ್ಟರು ಪೆನ್ನು ಕೆಳಗಿಟ್ಟಳು. ಕಿಟಕಿಯ ಕಡೆ ನೋಡಿದಳು. "ಹೊಟ್ಟೆನೋವು ಅಷ್ಟು ಇರ್ತಿರಲಿಲ್ಲ ಅಮ್ಮ," ಎಂದಳು.

"ನಿಜ ಹೇಳಿದ್ರಿ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ," ಎಂದು ಕೈಮುಗಿದು ಆಕೆ ಹೊರಗೆ ಬಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಆ ಹುಡುಗಿಯ ಕೊನೆಯ ಒಂದು ವರ್ಷವನ್ನು ಆಕೆ ದಿನ ದಿನವಾಗಿ ಎಣಿಸಲು ಹೋದಳು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎಷ್ಟು ಚಮಚ. ಅರ್ಧ ದಾರಿಯಲ್ಲಿ ಬಿಟ್ಟುಬಿಟ್ಟಳು. ಸಾಯುವ ಮಗು ಸಾಯುವುದು ದೇವರ ಇಚ್ಛೆ ಎಂದು ಮೂವತ್ತು ವರ್ಷ ನಂಬಿ ಬದುಕಿದ್ದಾಯಿತು. ಈಗಲೂ ನಂಬಬಹುದು. ಆದರೆ ಆ ಹೊಟ್ಟೆನೋವು ಯಾರ ಇಚ್ಛೆ? ಅದನ್ನು ದೇವರ ತಲೆಗೆ ಕಟ್ಟಲು ಆಕೆಗೆ ಬಾಯಿ ಬರಲಿಲ್ಲ.

ಮನೆಯಲ್ಲಿ ಯಾರೂ ಆಕೆಯನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಾಗುತ್ತಿತ್ತು. ಸೊಸೆ ಮೊದಲಿನಂತೆಯೇ "ಊಟಕ್ಕೆ ಬನ್ನಿ ಅತ್ತೆ" ಎನ್ನುವಳು, ಬಿಸಿನೀರು ಕಾಸಿ ಇಡುವಳು. ಮಗುವನ್ನು ಮಾತ್ರ ಬಿಟ್ಟುಹೋಗುತ್ತಿರಲಿಲ್ಲ. ಶಿಶುವಿಹಾರ ಬಿಡಿಸಿದಳು. ಹೊಲಿಗೆಯ ಯಂತ್ರದ ಪಕ್ಕದಲ್ಲಿ ಚಾಪೆ ಹಾಸಿ ಮಗುವನ್ನು ಕೂರಿಸಿಕೊಳ್ಳುವಳು. ಬಚ್ಚಲಿಗೆ ಹೋದರೂ ಎತ್ತಿಕೊಂಡೇ ಹೋಗುವಳು. ಒಮ್ಮೆ ಅಣ್ಣ ಬಂದಿದ್ದ, ಅವಳ ಅಪ್ಪ. ಮೊಮ್ಮಗಳ ಸೊರಗಿದ ಮುಖ ನೋಡಿ, "ಏನೇ ತಂಗಿ, ಮನೇಲಿ ಡೇರೀನೇ ಇಟ್ಕೊಂಡಿದೀಯ, ಮಗೂಗೆ ಒಂದಿಷ್ಟು ಕೆನೆ ತಿನ್ನಿಸಬಾರದಾ?" ಎಂದು ತಮಾಷೆ ಮಾಡಿದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಫ್ಯಾಟಮ್ಮ ಸೊಸೆಯ ಕಡೆ ನೋಡಿದಳು. ಸೊಸೆ ದಾರ ಪೋಣಿಸುತ್ತ, "ಈಗ ಹುಳದ ಔಷಧಿ ನಡೀತಾ ಇದೆ ಅಪ್ಪ," ಎಂದಳು.

ಫ್ಯಾಟಮ್ಮ ಡೇರಿಯ ಕೆಲಸ ಬಿಡುತ್ತೇನೆಂದು ಹೇಳಿದಳು. ಕಾರ್ಯದರ್ಶಿ ಕೈಮುಗಿದು ಬೇಡವೆಂದ. ಎಮ್ಮೆ ಮುದುಕ ಮತ್ತೆ ಕೆನೆಯ ಲೋಟ ಹಿಡಿದು ಕಿಟಕಿಗೆ ಬಂದಾಗ, "ಬೇಡಪ್ಪ, ಸಾಕು," ಎಂದಳು. "ಯಾಕಮ್ಮಾ, ಮೊಮ್ಮಗಳು ಗುಂಡಗಾದಳಾ?" ಎಂದು ಅವನು ನಕ್ಕ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಶಾಲೆಯವರು ಸಮವಸ್ತ್ರಕ್ಕಾಗಿ ಕಳಿಸಿದ ಗಾಡಿ ರಸ್ತೆಯ ತಿರುವಿನಲ್ಲಿ ನಿಂತಿತು. ಗಂಟು ದೊಡ್ಡದು. ಮಗುವನ್ನೂ ಗಂಟನ್ನೂ ಒಟ್ಟಿಗೆ ಹೊರುವಂತಿರಲಿಲ್ಲ. ಸೊಸೆ ಗಂಟು ಎತ್ತಿಕೊಂಡು ಬಾಗಿಲವರೆಗೆ ಹೋದಳು, ನಿಂತಳು, ಹಿಂದಿರುಗಿ ನೋಡಿದಳು.

"ಅತ್ತೆ, ಹತ್ತೇ ನಿಮಿಷ," ಎಂದಳು.

"ಹೋಗಿ ಬಾಮ್ಮ," ಎಂದಳು ಫ್ಯಾಟಮ್ಮ.

ಸೊಸೆಯ ಚಪ್ಪಲಿಯ ಸದ್ದು ಅಂಗಳ ದಾಟಿತು. ಆಕೆ ಬಾಗಿಲು ಪೂರ್ತಿ ತೆರೆದಿಟ್ಟು, ಬೀದಿಯಲ್ಲಿ ಹೋಗುವವರಿಗೆ ಒಳಗಿನದೆಲ್ಲ ಕಾಣುವಂತೆ ಪರದೆ ಸರಿಸಿ, ಬಂದು ಚಾಪೆಯ ಮೇಲೆ ಮಗುವಿನ ಎದುರಿಗೆ ಕೂತಳು. ಎಷ್ಟು ದಿನವಾಗಿತ್ತು ಹೀಗೆ ಇಬ್ಬರೇ ಕೂತು. ಗುಂಡಮ್ಮ ಬಣ್ಣದ ಬಟ್ಟೆಯ ಚೂರುಗಳನ್ನು ಸಾಲಾಗಿ ಇಡುತ್ತಿದ್ದಳು. ತಲೆಯೆತ್ತಿ ಅಜ್ಜಿಯನ್ನು ನೋಡಿದಳು; ಅಮ್ಮ ಕೂರುವ ಕಡೆ ನೋಡಿದಳು; ಅಮ್ಮ ಇರಲಿಲ್ಲ.

ಮಗು ಕೈಯಲ್ಲಿದ್ದ ಚೂರನ್ನು ಕೆಳಗಿಟ್ಟಿತು. ಯಾರೂ ಹೇಳದೆಯೇ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಬಾಯನ್ನು ಆದಷ್ಟು ದೊಡ್ಡದಾಗಿ ತೆರೆಯಿತು.

"ಏನೂ ಇಲ್ಲ ಕಂದ. ನೋಡು, ಅಜ್ಜಿ ಕೈಲಿ ಏನೂ ಇಲ್ಲ," ಎಂದು ಆಕೆ ಎರಡು ಅಂಗೈಗಳನ್ನೂ ಮಗುವಿನ ಮುಖದ ಮುಂದೆ ಬಿಡಿಸಿ ಹಿಡಿದಳು.

ಗುಂಡಮ್ಮ ಕಣ್ಣು ಬಿಡಲಿಲ್ಲ. ತೆರೆದ ಬಾಯಿ ತೆರೆದೇ ಇತ್ತು. ಒಳಗೆ ಅಕ್ಕಿಯ ಕಾಳಿನಂಥ ಹಲ್ಲುಗಳು ಕಾಣುತ್ತಿದ್ದವು.